ಎರಡನೆಯ ಬೊಟ್ಟು

ಕುಂದಾಣ
9-2-1976

ಗೆಳೆಯ ಸಂಜೀವಪ್ಪ,

ಹದಿನೆಂಟು ವರ್ಷದಿಂದ ನೀನು ಮದ್ರಾಸಿಗೆ ಬಾ ಬಾ ಎಂದು ಕರೆಯುತ್ತಲೇ ಇದ್ದೆ, ನಾನು ಬರಲಿಲ್ಲ. ಈಗ ಮದ್ರಾಸೇ ನಮ್ಮ ಪಡಸಾಲೆಗೆ ಬಂದಿದೆ. ನೀನು ನೋಡಿ ಆರಿಸಿ ರೈಲಿಗೆ ಹಾಕಿದ ಟಿ.ವಿ. ಪೆಟ್ಟಿಗೆ ಕೂದಲೂ ಕೊಂಕದೆ ಮುಟ್ಟಿತು. ಆಂಟೆನಾ ಕಡ್ಡಿಗಳ ಕಟ್ಟೂ ಬಂತು. ಕಡ್ಡಿ ಜೋಡಿಸುವ ಕ್ರಮ ಬರೆದಿದ್ದ ಕಾಗದ ಮಾತ್ರ ದಾರಿಯಲ್ಲಿ ಹರಿದು ಎಲ್ಲಿ ಹೋಯಿತೋ ಗೊತ್ತಿಲ್ಲ. ಹೋದರೆ ಹೋಗಲಿ. ದೇವನಹಳ್ಳಿಯಲ್ಲಿ ಇಪ್ಪತ್ತು ವರ್ಷ ರೇಡಿಯೋ ಅಂಗಡಿ ಇಟ್ಟವನಿಗೆ ನಾಲ್ಕು ಕಡ್ಡಿ ಕಟ್ಟುವುದಕ್ಕೆ ಕಾಗದ ಬೇಕೇ?

ಮಾಳಿಗೆಯ ಮೇಲೆ ನಲವತ್ತು ಅಡಿ ಪೈಪು ನಿಲ್ಲಿಸಿದೆ. ನಾಲ್ಕನೆಯ ಸಂಜೆ ಅಕ್ಕಿ ನುಚ್ಚು ಚೆಲ್ಲಿದಂತಿದ್ದ ಗಾಜಿನೊಳಗಿಂದ ಒಬ್ಬ ಮನುಷ್ಯ ಎದ್ದು ಬಂದು ತಮಿಳಿನಲ್ಲಿ ಮಾತಾಡಿದ. ದಿನಾ ಬರುವುದಿಲ್ಲ, ವಾರದಲ್ಲಿ ಮೂರು ದಿನ ಬಂದರೆ ಹೆಚ್ಚು. ಇಷ್ಟು ದೂರಕ್ಕೆ ಅಷ್ಟು ಬಂದದ್ದೇ ನನ್ನ ಕೈಗುಣ ಎಂದು ಊರು ಹೇಳುತ್ತಿದೆ, ನಾನೇನು ಬೇಡ ಎನ್ನುತ್ತಿಲ್ಲ.

ಒಂದೇ ತೊಂದರೆ. ಎಲ್ಲವೂ ಎರಡೆರಡು ಕಾಣುತ್ತದೆ. ಮಾತಾಡುವವನ ಬಲಕ್ಕೆ ಅವನದೇ ಮಸುಕು ಆಕಾರ ಇನ್ನೊಂದು. ಇಂಗ್ಲಿಷಿನಲ್ಲಿ ಇದಕ್ಕೆ ಘೋಸ್ಟ್ ಎನ್ನುತ್ತಾರಂತೆ. ಆ ಮಾತನ್ನು ಊರಲ್ಲಿ ಬಾಯಿಬಿಟ್ಟಿಲ್ಲ, ಹೇಳಿದರೆ ನಾಳೆಯಿಂದ ಒಬ್ಬರೂ ನಮ್ಮ ಹೊಸಲು ತುಳಿಯುವುದಿಲ್ಲ. ನಮ್ಮಮ್ಮ ಅಕ್ಕಯಮ್ಮ ನೋಡಿ, "ಪಾಪ, ಹಿಂದ್ಗಡೆ ಅವನ ತಮ್ಮ ನಿಂತವ್ನೆ ಕಣ್ರಲಾ, ಅವನ್ಗೂ ಒಸಿ ಮಾತಾಡಕ್ ಬಿಡ್ಬಾರ್ದಾ" ಎಂದಳು.

ಸಂಕ್ರಾಂತಿಗೆ ಬಂದಾಗ ನೀನು ಎತ್ತಿದ ಮಾತು ನನ್ನ ತಲೆಯಲ್ಲೇ ಇದೆ. ನಿನ್ನ ಭಾಗ್ಯ, ನನ್ನ ಬೈಲಪ್ಪ. ನನಗೂ ಅವನ ತಾಯಿ ರುಕ್ಮಿಣಮ್ಮನಿಗೂ ಇದಕ್ಕಿಂತ ಸಂತೋಷದ ಮಾತಿಲ್ಲ. ಆದರೆ ಅಮ್ಮ ಕಣ್ಣಾರೆ ನೋಡದೆ ನಮ್ಮ ಮನೆಗೆ ಒಂದು ಎಮ್ಮೆಯೂ ಬಂದಿಲ್ಲ, ಸೊಸೆ ಬರುವುದುಂಟೇ. ಅವಳ ಮಂಡಿ ನೋವು ಬಸ್ಸು ಹತ್ತಲು ಬಿಡುವುದಿಲ್ಲ. ಏನು ಮಾಡೋಣ ಹೇಳು.

ನಿನ್ನ
ಅಪ್ಪಯ್ಯಣ್ಣ


ಪೆರಂಬೂರು, ಮದ್ರಾಸು
18-2-1976

ಅಪ್ಪಯ್ಯಣ್ಣ,

ನಿನ್ನ ಕಾಗದ ಓದಿ ಮನೆಯವರೆಲ್ಲ ನಕ್ಕೆವು. ಅಕ್ಕಯಮ್ಮನವರ ಸಮಸ್ಯೆಗೆ ದೇವರೇ ದಾರಿ ತೋರಿಸಿದ್ದಾನೆ. ಭಾಗ್ಯ ಹೆಣ್ಣುಮಕ್ಕಳ ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳುತ್ತಾಳೆಂದು ನಿನಗೆ ಗೊತ್ತಲ್ಲ. ಮಾರ್ಚ್ 12ರ ಶುಕ್ರವಾರ ಸಂಜೆ ಆರೂವರೆಗೆ ಅವಳು ಟಿ.ವಿ.ಯಲ್ಲಿ ಬರುತ್ತಾಳೆ. ಮನೆಯಲ್ಲಿ ಫ್ಯೂಸು ಹೋದರೆ ಹೆಂಗಸರೇ ಹೊಸ ತಂತಿ ಕಟ್ಟುವುದು ಹೇಗೆ ಎಂದು ಹತ್ತು ನಿಮಿಷ ತೋರಿಸುತ್ತಾಳಂತೆ.

ಕುಂದಾಣದಲ್ಲೇ ಕುಳಿತು ಹೆಣ್ಣು ನೋಡಿಬಿಡಿ. ಉಪ್ಪಿಟ್ಟು ತಿಂದ ಮೇಲೆ ಹೇಗೆ ಬೇಡ ಎನ್ನುವುದು ಎಂಬ ಮುಜುಗರ ನಿಮಗಿಲ್ಲ, ತಲೆ ಬಗ್ಗಿಸಿ ಕೂರುವ ಕಷ್ಟ ಅವಳಿಗಿಲ್ಲ. ಅವಳಿಗೆ ಹೇಳಿದೆ. ನಾಚಿಕೊಳ್ಳುತ್ತಾಳೆ ಎಂದುಕೊಂಡರೆ, "ಅಪ್ಪ, ಎರಡೆರಡು ಕಾಣ್ತಿದ್ರೆ ಕಡ್ಡಿ ಹೆಂಗೆ ಕಟ್ಟವ್ರೆ ಕೇಳಿ" ಎಂದಳು. ಅದನ್ನು ಬರೆ.

ನಿನ್ನ
ಸಂಜೀವಪ್ಪ


ಕುಂದಾಣ
1-3-1976

ಗೆಳೆಯ ಸಂಜೀವಪ್ಪ,

ಜೋಡಿ ಚಿತ್ರ ಹೋಯಿತು. ಮಗುವಿಗೆ ಹೇಳು, ಯೋಚನೆ ಬೇಡ, ಅವಳ ಅಪ್ಪನ ಗೆಳೆಯನಿಗೂ ಒಂದಿಷ್ಟು ತಲೆ ಇದೆ. ಮೂರು ದಿನ ಪೆಟ್ಟಿಗೆಯ ಮುಂದೆ ಪಟ್ಟಾಗಿ ಕುಳಿತು ಸರಿಮಾಡಿದೆ. ಈಗ ಮನುಷ್ಯನೊಬ್ಬ ಬಂದರೆ ಒಬ್ಬನೇ ಬರುತ್ತಾನೆ, ತಮ್ಮನನ್ನು ಕರೆತರುವುದಿಲ್ಲ. ಎದುರು ಮನೆಯ ಪಾಪಯ್ಯನಿಂದ ಹಿಡಿದು ಎಲ್ಲರಿಗೂ ಸಾರಿದ್ದೇನೆ. ಹನ್ನೆರಡನೆಯ ತಾರೀಖು ಇಡೀ ಬೀದಿ ನಮ್ಮ ಮನೆಯಲ್ಲಿರುತ್ತದೆ.

ಬೈಲಪ್ಪ ಅಂದು ಬೇಗ ಬರಲು ಶಾಲೆಯ ಹೆಡ್‌ಮಾಸ್ತರನ್ನು ಈಗಿನಿಂದಲೇ ಕೇಳಿಕೊಂಡಿದ್ದಾನೆ. ಏಕೆ ಎಂದರೆ "ಫ್ಯೂಸ್ ಕಟ್ಟೋದು ಕಲ್ತ್ಕೊಬೇಕಲ್ಲಪ್ಪ" ಎನ್ನುತ್ತಾನೆ. ಲೆಕ್ಕದ ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಎಂಥ ವಿದ್ಯಾದಾಹ ನೋಡು.

ನಿನ್ನ
ಅಪ್ಪಯ್ಯಣ್ಣ


ಕುಂದಾಣ
15-3-1976

ಸಂಜೀವಪ್ಪ,

ಶುಕ್ರವಾರ ಚಿತ್ರ ಬಂತು. ಭಾಗ್ಯಳನ್ನು ನೋಡಿದೆವು. ಚೆನ್ನಾಗಿ ಹೇಳಿಕೊಟ್ಟಳು.

ಅಮ್ಮನಿಗೆ ಕಣ್ಣು ಸ್ವಲ್ಪ ಮಂಜು. ಬೈಲಪ್ಪನಿಗೆ ಪರೀಕ್ಷೆಯ ಕೆಲಸ. ಯುಗಾದಿ ಕಳೆಯಲಿ, ನೋಡೋಣ. ಎಲ್ಲರಿಗೂ ನನ್ನ ನೆನಪು ಹೇಳು.

ಅಪ್ಪಯ್ಯಣ್ಣ


ಪೆರಂಬೂರು, ಮದ್ರಾಸು
5-4-1976

ಅಪ್ಪಯ್ಯಣ್ಣ,

ಯುಗಾದಿ ಕಳೆಯಿತು.

ಒಂದು ಪೈಪು ನಿಲ್ಲಿಸಿದ್ದಕ್ಕೆ ಎರಡು ಪುಟ ಬರೆಯುವವನು ನೀನು. ನನ್ನ ಮಗಳನ್ನು ನೋಡಿದ್ದಕ್ಕೆ ಆರು ಸಾಲು ಬರೆದೆ. ಆ ಆರು ಸಾಲನ್ನು ನನ್ನ ಹೆಂಡತಿ ಎಷ್ಟು ಸಲ ಓದಿದಳೋ ಲೆಕ್ಕವಿಲ್ಲ. "ಹುಡುಗಿ ಕಪ್ಪು ಅಂದಿರ್ತಾರೆ" ಎನ್ನುತ್ತಾಳೆ. ನನಗೆ ಅನ್ನಿಸುವುದು ಬೇರೆ. ಹೆಣ್ಣುಮಗಳು ಸ್ಕ್ರೂಡ್ರೈವರ್ ಹಿಡಿದು ನಾಲ್ಕು ಜನರ ಮುಂದೆ ನಿಂತದ್ದು ನಿಮಗೆ ಸರಿಬಂದಿಲ್ಲ. ಹಾಗಿದ್ದರೆ ಹೇಳಿಬಿಡು. ಅವಳ ಕೆಲಸ ಬಿಡಿಸಿ ನಾನು ಮದುವೆ ಮಾಡುವುದಿಲ್ಲ, ಅದನ್ನು ಈಗಲೇ ತಿಳಿಸಿದ್ದೇನೆ.

ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಬಾಗಿಲ ಹತ್ತಿರ ಭಾಗ್ಯಳಿಗೆ ಏನೋ ಕೆಲಸವಿರುತ್ತದೆ.

ಸಂಜೀವಪ್ಪ


ಕುಂದಾಣ
8-5-1976

ಸಂಜೀವಪ್ಪ,

ಬಿಡುವಾಗಲಿಲ್ಲ, ತಪ್ಪು ತಿಳಿಯಬೇಡ. ಮಗಳ ಕೆಲಸದ ವಿಷಯ ನೀನು ಅಂದುಕೊಂಡಂತೆ ಏನೂ ಇಲ್ಲ. ಬಣ್ಣದ ಮಾತಂತೂ ಬಾಯಲ್ಲಿ ತರಬೇಡ, ನಮ್ಮ ಮನೆಯಲ್ಲಿ ಬೆಳ್ಳಗಿರುವುದು ಗೋಡೆ ಒಂದೇ. ಈಗ ಅಧಿಕಮಾಸವೋ ಏನೋ ಎಂದು ಅಮ್ಮ ಹೇಳುತ್ತಿದ್ದಳು. ವಿಚಾರಿಸಿ ಬರೆಯುತ್ತೇನೆ.

ಲಾರಿಯ ಪಿಳ್ಳಣ್ಣನ ಕೈಯಲ್ಲಿ ತೂಬಗೆರೆಯ ಒಂದು ಹಲಸಿನಹಣ್ಣು ಕಳಿಸಿದ್ದೇನೆ. ಒಳ್ಳೆಯ ಜೇನಿನಂಥ ತೊಳೆ.

ಅಪ್ಪಯ್ಯಣ್ಣ


ಪೆರಂಬೂರು, ಮದ್ರಾಸು
17-5-1976

ಅಪ್ಪಯ್ಯಣ್ಣ,

ಹಲಸು ಬಂತು. ಯಾರೂ ಮುಟ್ಟಿಲ್ಲ, ಮೂಲೆಯಲ್ಲಿ ಕುಳಿತು ಇಡೀ ಬೀದಿಗೆ ವಾಸನೆ ಹೊಡೆಯುತ್ತಿದೆ. ಬೇಡ ಎನ್ನಲು ಬಾಯಿ ಬಾರದವರು ಹಣ್ಣು ಕಳಿಸುತ್ತಾರೆ ಎಂದು ನನಗೆ ಗೊತ್ತು. ಪಂಚಾಂಗ ನಮ್ಮ ಮನೆಯಲ್ಲೂ ಇದೆ, ಈಗ ಯಾವ ಅಧಿಕಮಾಸವೂ ಇಲ್ಲ.

ನೀನೂ ನಾನೂ ದೇವನಹಳ್ಳಿ ಮಿಡ್ಲ್ ಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು. ನಾನು ಪುಸ್ತಕ ಕಳೆದಾಗ ನೀನು ನಿನ್ನದನ್ನು ನಡುವೆ ಹರಿದು ಅರ್ಧ ಕೊಟ್ಟೆ. ಹಾಗೆ ಕೊಟ್ಟವನು ಈಗ ನಿಜವನ್ನು ಏಕೆ ಬಚ್ಚಿಡುತ್ತಿದ್ದೀಯೆ? ಸಂಬಂಧ ಬೇಡವಾದರೆ ಬೇಡ. ಆದರೆ ಕಾರಣ ಹೇಳದೆ ಹೋದರೆ ಮುಂದೆ ನಿನಗೆ ಕಾಗದ ಬರೆಯುವುದು ನನ್ನಿಂದ ಆಗುವುದಿಲ್ಲ. ನನಗೆ ತುಂಬ ನೋವಾಗಿದೆ.

ಸಂಜೀವಪ್ಪ


ಕುಂದಾಣ
24-5-1976

ಸಂಜೀವ,

ಹೇಳುತ್ತೇನೆ. ಓದಿ ಮುಗಿಸುವವರೆಗೆ ಬೈಯಬೇಡ.

ಅಂದು ಪಡಸಾಲೆಯಲ್ಲಿ ನಲವತ್ತು ಜನ. ಅಮ್ಮ ಎಲ್ಲರಿಗಿಂತ ಮುಂದೆ, ಪೆಟ್ಟಿಗೆಗೆ ಮೂಗು ತಾಗುವಷ್ಟು ಹತ್ತಿರ. ಭಾಗ್ಯ ಬಂದಳು. ಮುಖ ಒಂದೇ ಕಂಡಿತು. ಯಾರನ್ನೂ ಮೆಚ್ಚದ ನಮ್ಮ ಬೀದಿಯ ಮಾರಕ್ಕನೇ "ಗೊಂಬೆ ಇದ್ದಂಗವ್ಳೆ" ಎಂದಳು. ಅಮ್ಮ ನಗುತ್ತಿದ್ದಳು. ಅಷ್ಟರಲ್ಲಿ ಫ್ಯೂಸು ಹಾಕಲು ಮಗು ಸ್ವಲ್ಪ ಬಗ್ಗಿದಳು, ಸರದ ಮೇಲೆ ದೀಪದ ಬೆಳಕು ಬಿತ್ತು. ಕೊರಳಲ್ಲಿ ಪಕ್ಕಪಕ್ಕದಲ್ಲಿ ಎರಡು ಬೊಟ್ಟು ಫಳಫಳ ಹೊಳೆದವು.

ಅಮ್ಮನ ನಗು ನಿಂತಿತು. "ಅಯ್ಯೋ, ಕೊಳ್ಳಾಗೆ ತಾಳಿ ಐತಲ್ಲೋ ಅಪ್ಪಯ್ಯ. ತೌರ್‌ಮನೇದೊಂದು ಬೊಟ್ಟು, ಗಂಡನ್ಮನೇದೊಂದು ಬೊಟ್ಟು, ಎಲ್ಡೂ ನೆಟ್ಗೆ ಕಾಣ್ತಾವೆ. ಮದ್ವೆ ಆಗಿರೋಳ್ನ ತೋರಿಸ್ತಾವ್ನಲ್ಲ ನಿನ್ ಸ್ನೇಹಿತ" ಎಂದಳು. ನಲವತ್ತು ಜನರೂ ನನ್ನ ಮುಖ ನೋಡಿದರು.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಇದು ಆ ಹಾಳು ಜೋಡಿ ಚಿತ್ರದ ಕೆಲಸ ಎಂದು. ಆದರೆ ನಾನು ಅದನ್ನು ಓಡಿಸಿರಲಿಲ್ಲ ಸಂಜೀವ. ಕಾಂಟ್ರಾಸ್ಟ್ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ್ದೆ, ಅಷ್ಟೇ. ಮಸುಕಾದದ್ದು ಇನ್ನೂ ಮಸುಕಾಗಿ ಕಾಣದೆ ಹೋಗಿತ್ತು. ಹೊಳೆಯುವ ವಸ್ತು ಬಂದರೆ ಅದರ ಜೋಡಿ ಮತ್ತೆ ಕಾಣುತ್ತದೆ ಎಂದು ನನಗೆ ಹೊಳೆಯಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಪಾಪಯ್ಯ, "ಅಪ್ಪಯ್ಯಣ್ಣ ಸರಿ ಮಾಡವ್ನೆ ಅಂದ್ಮೇಲೆ ಇರೋದೇ ಕಾಣೋದು" ಎಂದುಬಿಟ್ಟ. ನನ್ನ ಮರ್ಯಾದೆ ನನ್ನ ಬಾಯಿ ಕಟ್ಟಿತು.

ಆಮೇಲೆ ಅಮ್ಮನಿಗೆ ಒಬ್ಬಳಿಗೇ ಹೇಳಿದೆ. ನಂಬಲಿಲ್ಲ. "ಮಖ ಒಂದು, ಬೊಟ್ಟು ಎಲ್ಡಾ? ಯಾರ್ಗೆ ಹೇಳ್ತೀಯಾ" ಎಂದಳು. ಇನ್ನೂ ಒಂದು ಹೇಳಿಬಿಡುತ್ತೇನೆ. ಒಂದು ಗಳಿಗೆ ನನಗೂ ಅನುಮಾನ ಬಂದಿತ್ತು. ಒಂದೇ ಗಳಿಗೆ. ಅದಕ್ಕೇ ನಿನಗೆ ಬರೆಯಲು ಕೂತಾಗಲೆಲ್ಲ ಕೈ ಬರಲಿಲ್ಲ.

ಬೈಲಪ್ಪ ಆವತ್ತಿನಿಂದ ನನ್ನೊಂದಿಗೂ ಅಜ್ಜಿಯೊಂದಿಗೂ ಸರಿಯಾಗಿ ಮಾತಾಡುತ್ತಿಲ್ಲ. ಮನೆಯ ಫ್ಯೂಸು ಹೋದಾಗ ಅವನೇ ಕಟ್ಟಿದ, ಭಾಗ್ಯ ತೋರಿಸಿದಂತೆಯೇ.

ನಿನ್ನ ತಪ್ಪಿತಸ್ಥ
ಅಪ್ಪಯ್ಯಣ್ಣ


ಪೆರಂಬೂರು, ಮದ್ರಾಸು
1-6-1976

ಅಪ್ಪಯ್ಯಣ್ಣ,

ಮೊದಲ ಸಲ ಓದಿದಾಗ ನಿನ್ನನ್ನು ಹಿಡಿದು ಬಡಿಯಬೇಕು ಅನ್ನಿಸಿತು. ಎರಡನೆಯ ಸಲ ನನ್ನ ಹೆಂಡತಿ ಗಟ್ಟಿಯಾಗಿ ಓದಿದಳು, ನಡುವೆ ನಗು ತಡೆಯಲಾರದೆ ಕಾಗದ ಕೆಳಗಿಟ್ಟಳು. ಹುಡುಗಿ ಕಪ್ಪು ಎಂದಿಲ್ಲವಲ್ಲ ಎಂದು ಅವಳಿಗೆ ನೆಮ್ಮದಿ. ಹಲಸನ್ನು ಯಾವಾಗಲೋ ಪಕ್ಕದ ಮನೆಗೆ ಕೊಟ್ಟಿದ್ದೆವು, ಅದೊಂದು ಹೊಟ್ಟೆಯುರಿ ಉಳಿಯಿತು.

ಭಾಗ್ಯ ನಿನಗೆ ಏನೋ ಬರೆದಿದ್ದಾಳೆ, ಜೊತೆಗಿಟ್ಟಿದ್ದೇನೆ.

ಸಂಜೀವಪ್ಪ

*

ಅಪ್ಪಯ್ಯಣ್ಣ ಮಾವನವರಿಗೆ ಭಾಗ್ಯ ಮಾಡುವ ನಮಸ್ಕಾರ.

ಮಾವ ಎಂದು ಬರೆಯಬಹುದೋ ಬಾರದೋ ಅಪ್ಪ ಹೇಳುತ್ತಿಲ್ಲ, ನಾನೇ ಬರೆದುಕೊಂಡಿದ್ದೇನೆ. ನನ್ನ ಕೊರಳಲ್ಲಿದ್ದದ್ದು ತಾಳಿಯಲ್ಲ. ನಮ್ಮಜ್ಜಿ ಸಾಯುವ ಮುಂಚೆ ಕೊಟ್ಟ ಪದಕ, ಇರುವುದು ಒಂದೇ.

ಎರಡನೆಯದನ್ನು ಓಡಿಸೋಣ. ಮದ್ರಾಸಿನಿಂದ ಬರುವ ಅಲೆ ನಿಮ್ಮ ಕಡ್ಡಿಗೆ ನೇರವಾಗಿ ಒಂದು ಸಲ ತಾಗುತ್ತದೆ. ಅದೇ ಅಲೆ ಮುಂದೆ ಹೋಗಿ ಯಾವುದಕ್ಕೋ ಬಡಿದು ಹಿಂದಿರುಗಿ, ತಡವಾಗಿ ಇನ್ನೊಂದು ಸಲ ತಾಗುತ್ತದೆ. ಗಾಜಿನ ಮೇಲೆ ಚಿತ್ರ ಮೂಡುವುದು ಎಡದಿಂದ ಬಲಕ್ಕೆ. ಆದ್ದರಿಂದ ತಡವಾಗಿ ಬಂದದ್ದು ಬಲಕ್ಕೆ ಬೀಳುತ್ತದೆ. ಎಷ್ಟು ದೂರ ಸುತ್ತಿ ಬಂದಿತು ಎಂಬುದನ್ನು ಚಿತ್ರವೇ ಹೇಳುತ್ತದೆ. ಗುಂಡಿಯನ್ನು ಮೊದಲಿನಂತೆ ತಿರುಗಿಸಿ, ಅಸಲು ಚಿತ್ರಕ್ಕೂ ಜೋಡಿಗೂ ನಡುವಿನ ಅಂತರವನ್ನು ಅಳೆಯಿರಿ. ನಿಮ್ಮ ಪೆಟ್ಟಿಗೆಯ ಗಾಜು ನಲವತ್ತು ಸೆಂಟಿಮೀಟರ್ ಅಗಲ. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ಹೊರಗೆ ಸುಮಾರು ನಾಲ್ಕುನೂರು ಮೀಟರ್ ಹೆಚ್ಚಿನ ದಾರಿ. ಅದು ಹೋಗಿ ಬಂದ ದಾರಿ, ಅರ್ಧ ಮಾಡಿಕೊಳ್ಳಿ. ಅಷ್ಟು ದೂರದಲ್ಲಿ, ಮದ್ರಾಸಿಗೆ ಬೆನ್ನು ಮಾಡಿ ನಿಂತರೆ ಎದುರಿಗೆ ಏನಿದೆ ನೋಡಿ. ನಿಮ್ಮ ಮನೆಯಲ್ಲಿ ಲೆಕ್ಕ ಬಲ್ಲವರೊಬ್ಬರು ಇದ್ದಾರೆಂದು ಕೇಳಿದ್ದೇನೆ.

ಫೆಬ್ರವರಿಯಲ್ಲಿ ಕೇಳಿದ್ದನ್ನೇ ಮತ್ತೆ ಕೇಳುತ್ತೇನೆ, ಕೋಪ ಮಾಡಬೇಡಿ. ನಾಲ್ಕು ಕಡ್ಡಿಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ಯಾವ ಕಡೆಗಿದೆ?

ಭಾಗ್ಯ


ಕುಂದಾಣ
14-6-1976

ಗೆಳೆಯ ಸಂಜೀವಪ್ಪ,

ಕಾಗದವನ್ನು ಬೈಲಪ್ಪನ ಕೈಗೆ ಕೊಟ್ಟೆ. ಮೂರು ತಿಂಗಳಿನಿಂದ ಮುಖ ಊದಿಸಿಕೊಂಡಿದ್ದವನು ನಿಂತಲ್ಲೇ ಎರಡು ಸಲ ಓದಿ ಸ್ಕೇಲು ತಂದ. ಸಂಜೆ ವಾರ್ತೆಯವನ ಜೇಬಿನ ಬಿಳಿ ಕರವಸ್ತ್ರ ಅಳೆದ. ಸರಿಯಾಗಿ ಮೂರು ಸೆಂಟಿಮೀಟರ್. ಸಾವಿರದ ಇನ್ನೂರು ಮೀಟರ್, ಅರ್ಧ ಆರುನೂರು. ಮಾರನೆಯ ಬೆಳಗ್ಗೆ ಮೂಡಲಿಗೆ ಬೆನ್ನು ಮಾಡಿ ಹಿತ್ತಲಿನಿಂದ ಹೆಜ್ಜೆ ಎಣಿಸುತ್ತ ಹೊರಟ. ರಾಗಿ ಹೊಲ ದಾಟಿ ಎಂಟುನೂರು ಚಿಲ್ಲರೆ ಹೆಜ್ಜೆಗೆ ಕೋಡುಬಂಡೆಗೆ ಮುಟ್ಟಿದ. ನಾವು ಚಿಕ್ಕವರಿದ್ದಾಗ ಜಾರುತ್ತಿದ್ದೆವಲ್ಲ, ಅದೇ ಬಂಡೆ. ನಾವು ಕೂಗಿದರೆ ತಿರುಗಿ ಕೂಗುತ್ತಿತ್ತು, ನೆನಪಿದೆಯೇ? ಈಗ ಮದ್ರಾಸು ಕೂಗಿದ್ದಕ್ಕೂ ತಿರುಗಿ ಕೂಗುತ್ತಿದೆ. ಒಂದು ದಿನವೂ ಕುಂದಾಣ ನೋಡದ ಹುಡುಗಿ ಅಲ್ಲಿಂದಲೇ ಅದನ್ನು ಹುಡುಕಿ ತೋರಿಸಿದಳು.

ಇನ್ನು ಕಡ್ಡಿಯ ವಿಷಯ. ಇದನ್ನು ಬರೆಯದೆ ಕಾಗದ ಮುಗಿಸೋಣ ಎಂದಿದ್ದೆ, ಬೈಲಪ್ಪ ಪಕ್ಕದಲ್ಲೇ ನಿಂತಿದ್ದಾನೆ. ಉದ್ದದ ಕಡ್ಡಿಯನ್ನು ನಾನು ಮದ್ರಾಸಿನ ಕಡೆಗೆ, ಎಲ್ಲಕ್ಕಿಂತ ಮುಂದೆ ಕಟ್ಟಿದ್ದೆ. ಮದುವೆ ದಿಬ್ಬಣವಿರಲಿ, ಊಟದ ಪಂಕ್ತಿಯಿರಲಿ, ನಮ್ಮಲ್ಲಿ ದೊಡ್ಡವರು ಮುಂದೆ, ಚಿಕ್ಕವರು ಹಿಂದೆ. ಕಡ್ಡಿಗೂ ಅದೇ ಕ್ರಮ ಇರುತ್ತದೆ ಎಂದುಕೊಂಡೆ. ಇಲ್ಲಿ ಉಲ್ಟಾ. ದೊಡ್ಡದು ಹಿಂದೆ ನಿಂತು ಹಿಂದಿನಿಂದ ಬರುವುದನ್ನು ತಡೆಯಬೇಕು, ಚಿಕ್ಕವು ಮುಂದೆ ನಿಂತು ಬೇಕಾದದ್ದನ್ನು ಹಿಡಿಯಬೇಕು. ನಾನು ಕಟ್ಟಿದ ರೀತಿಯಲ್ಲಿ ಆಂಟೆನಾ ಮದ್ರಾಸಿಗೆ ಬೆನ್ನು ಹಾಕಿ ನಾಲ್ಕು ತಿಂಗಳು ಬಂಡೆಯನ್ನೇ ನೋಡುತ್ತ ನಿಂತಿತ್ತು. ಇಪ್ಪತ್ತು ವರ್ಷದ ಅನುಭವ ನನ್ನದು.

ಬೈಲಪ್ಪ ಮಾಳಿಗೆ ಹತ್ತಿ ತಿರುಗಿಸಿದ. ಮೂರು ದಿನ ಕಾದೆವು. ನಿನ್ನೆ ಚಿತ್ರ ಬಂತು. ಗುಂಡಿ ಪೂರ್ತಿ ತಿರುಗಿಸಿದರೂ ಒಬ್ಬನೇ ಮನುಷ್ಯ, ಒಂದೇ ಕರವಸ್ತ್ರ. ನಲವತ್ತು ಜನರನ್ನೂ ಕರೆದು, ಅಂದು ನಾನು ಸುಳ್ಳು ಹೇಳಿದ್ದೆ ಎಂದು ಹೇಳಿದೆ. ಪಾಪಯ್ಯ ನಕ್ಕ ನಗು ಇನ್ನೂ ಕಿವಿಯಲ್ಲಿದೆ, ಆದರೂ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಅಮ್ಮ ಮಾತ್ರ ಪಟ್ಟು ಬಿಟ್ಟಿಲ್ಲ. "ಇವತ್ತಿನ ಕರ್ಚೀಪು ಒಂದಾದ್ರೆ ಅವತ್ತಿನ ಬೊಟ್ಟು ಒಂದಾಯ್ತದಾ? ಆ ಹುಡ್ಗೀನೇ ಬರ್ಲಿ, ಅದೇ ಸರ ಹಾಕ್ಕಂಡ್ ಬರ್ಲಿ, ಆಗ ಹೇಳ್ತೀನಿ" ಎನ್ನುತ್ತಾಳೆ. ಏನಾದರೂ ದಾರಿ ಇದೆಯೇ?

ನಿನ್ನ
ಅಪ್ಪಯ್ಯಣ್ಣ


ಪೆರಂಬೂರು, ಮದ್ರಾಸು
26-6-1976

ಅಪ್ಪಯ್ಯಣ್ಣ,

ದಾರಿ ಇದೆ. ಫ್ಯೂಸಿನ ಪಾಠ ಮೆಚ್ಚಿ ತುಂಬ ಜನ ಕಾಗದ ಬರೆದರಂತೆ. ಜುಲೈ 9ರ ಶುಕ್ರವಾರ, ಅದೇ ಆರೂವರೆಗೆ, ಇಸ್ತ್ರಿ ಪೆಟ್ಟಿಗೆ ರಿಪೇರಿ ತೋರಿಸಲು ಭಾಗ್ಯಳನ್ನು ಮತ್ತೆ ಕರೆದಿದ್ದಾರೆ.

ಮನೆಯಲ್ಲಿ ಇದರದೇ ರಂಪ. "ಆ ಪದಕದ ಸಾವಾಸ ಬ್ಯಾಡ, ಬರೀ ಕೊಳ್ಳಲ್ಲಿ ಹೋಗು" ಎಂದು ಅವಳಮ್ಮ. ಭಾಗ್ಯ ಒಪ್ಪಿಲ್ಲ. "ತೆಗೆದ್ರೆ ತೆಗೆದಿಟ್ಟು ಬಂದವ್ಳೆ ಅಂತಾರಮ್ಮ. ಹಾಕ್ಕೊಂಡೇ ಹೋಗ್ತೀನಿ, ಒಂದೇ ಕಾಣ್ಬೇಕು" ಎಂದಳು. ಆ ದಿನ ಚಿತ್ರ ಬಾರದಿದ್ದರೆ? ಬಂದು ಎರಡೇ ಕಂಡರೆ? ಏನಾದರೂ ಸರಿ, ತಂತಿ ಕೊಡು. ಕಾಗದ ಬರುವವರೆಗೆ ಕಾಯುವ ಶಕ್ತಿ ನನಗಿಲ್ಲ.

ಸಂಜೀವಪ್ಪ


ತಂತಿ
ದೇವನಹಳ್ಳಿ, 10-7-1976

ಒಂದೇ. ಅಮ್ಮ ಒಪ್ಪಿದಳು. ಕಾಗದ ಬರುತ್ತದೆ. ಅಪ್ಪಯ್ಯಣ್ಣ.


ಕುಂದಾಣ
11-7-1976

ಗೆಳೆಯ, ಇನ್ನು ಮೇಲೆ ಬೀಗ, ಸಂಜೀವಪ್ಪ,

ಗುರುವಾರ ಚಿತ್ರ ಬರಲೇ ಇಲ್ಲ. ಶುಕ್ರವಾರ ಆರು ಗಂಟೆಗೂ ಗಾಜಿನಲ್ಲಿ ಬರೀ ನುಚ್ಚು. ರುಕ್ಮಿಣಮ್ಮ ದೇವರ ಮುಂದೆ ದೀಪ ಹಚ್ಚಿ ಅಲ್ಲೇ ಕುಳಿತಳು. ಆರು ಇಪ್ಪತ್ತೈದಕ್ಕೆ ನುಚ್ಚು ಸರಿದು ಯಾರೋ ಪಿಟೀಲು ನುಡಿಸುವುದು ಕಂಡಿತು. ನಾನು ಅಷ್ಟು ಹೊತ್ತೂ ಪೆಟ್ಟಿಗೆಯಿಂದ ದೂರವೇ ನಿಂತಿದ್ದೆ, ಗುಂಡಿ ಮುಟ್ಟಿದೆ ಎಂದು ಯಾರೂ ಹೇಳಬಾರದಲ್ಲ.

ಭಾಗ್ಯ ಬಂದಳು. ಇಸ್ತ್ರಿ ಪೆಟ್ಟಿಗೆ ಬಿಚ್ಚಿದಳು. ನಲವತ್ತು ಜನರಲ್ಲಿ ಒಬ್ಬರೂ ಇಸ್ತ್ರಿ ಪೆಟ್ಟಿಗೆ ನೋಡಲಿಲ್ಲ. ಮಗು ಸ್ಕ್ರೂ ತೆಗೆಯಲು ಬಗ್ಗಿದಳು, ಪದಕ ಮುಂದಕ್ಕೆ ಬಂತು, ಬೆಳಕು ಬಿತ್ತು. ಒಂದು. ಪಾಪಯ್ಯನೇ ಮೊದಲು "ಒಂದೇ" ಎಂದು ಕೂಗಿದ. ಆಮೇಲೆ ಎಲ್ಲರೂ ಕೂಗಿದರು. ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಅಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ತಿರ ನಿಂತಿದ್ದ ಬೈಲಪ್ಪನ ಕೈ ಹಿಡಿದು ಎಳೆತಂದು ತನ್ನ ಜಾಗದಲ್ಲಿ ಕೂರಿಸಿದಳು. "ದೊಡ್ಡ ಕಡ್ಡಿ ಹಿಂದ್ಗಡೆ ಇರ್ಬೇಕಂತೆ ಕಣಪ್ಪ. ನೀನು ಮುಂದೆ ಕುಂತ್ಕೊಂಡು ನೋಡು" ಎಂದು ತಾನು ಹಿಂದೆ ಹೋಗಿ ಗೋಡೆಗೆ ಒರಗಿ ಕುಳಿತಳು. ಬೈಲಪ್ಪ ಕಿವಿ ಕೆಂಪಗೆ ಮಾಡಿಕೊಂಡು ಕೊನೆಯವರೆಗೂ ನೋಡಿದ. ಆಮೇಲೆ ನಾನು ಕೇಳಿದೆ, ಮಾರ್ಚಿನಲ್ಲಿ ನಿನಗೆ ಎಷ್ಟು ಕಂಡಿತ್ತೋ ಎಂದು. "ನಾನ್ ಕೊಳ್ ನೋಡ್ಲೇ ಇಲ್ಲಪ್ಪ, ಮಖ ನೋಡ್ತಿದ್ದೆ" ಎಂದ.

ಈಗ ಆಷಾಢ. ಶ್ರಾವಣ ಹುಟ್ಟಿದ ಕೂಡಲೇ ನೀವೆಲ್ಲ ಬರಬೇಕು. ಉಪ್ಪಿಟ್ಟು ನಮ್ಮ ಮನೆಯಲ್ಲಿ. ಹಲಸು ಉಳಿದಿದ್ದರೆ ಅದೂ.

ಇನ್ನೊಂದು ಮಾತು. ನಿನ್ನೆ ತಂತಿ ಕೊಟ್ಟು ಮನೆಗೆ ಬಂದರೆ ಅಮ್ಮ ಒಡವೆಯ ಪೆಟ್ಟಿಗೆ ತೆಗೆದು ತನ್ನ ಮದುವೆಯ ಚಿನ್ನದ ಓಲೆ ಕೈಯಲ್ಲಿ ಹಿಡಿದು ಕುಳಿತಿದ್ದಳು. ಅದನ್ನು ಕರಗಿಸಿ ಭಾಗ್ಯಳಿಗೆ ಗಂಡನ ಮನೆಯ ಬೊಟ್ಟು ಮಾಡಿಸುತ್ತಾಳಂತೆ. ತವರಿನದಕ್ಕೆ ಆ ಅಜ್ಜಿಯ ಪದಕವೇ ಇರಲಿ, ಅದನ್ನು ಬದಲಾಯಿಸಬೇಡಿ ಎಂದು ಬರೆಯಲು ಹೇಳಿದ್ದಾಳೆ. ನಾನು ಸುಮ್ಮನಿರದೆ, "ಕೊನೇಗೂ ನಿನ್ ಕಣ್ಣು ತಪ್ಪು ಅಂತ ಒಪ್ಕೊಂಡ್ಯಲ್ಲಮ್ಮ" ಎಂದೆ.

"ಯಾವ ತಪ್ಪೋ? ನಾ ಕಂಡಿದ್ ಎಲ್ಡು ಬೊಟ್ಟು. ಶ್ರಾವಣ ಕಳೀಲಿ, ಬಂದು ನೋಡು ಅವಳ ಕೊಳ್ಳಾಗೆ ಎಷ್ಟಿರ್ತಾವೆ ಅಂತ. ಒಸಿ ಮುಂಚೇನೇ ನೋಡ್ಬುಟ್ಟೆ, ಅಷ್ಟೇಯ" ಎಂದಳು.

ಪದಕವನ್ನು ಒಂದು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸಲು ಭಾಗ್ಯಳಿಗೆ ಹೇಳು. ಎರಡೂ ಒಂದೇ ಅಳತೆ ಇರಬೇಕಂತೆ.

ನಿನ್ನ
ಅಪ್ಪಯ್ಯಣ್ಣ